ಪಟ್ಟಿಯಲ್ಲಿಲ್ಲದ ದೀಪ

ಅಗ್ನಿಶಾಮಕ ವಾಹನಗಳಿಗೆ ದೀಪ, ಸೈರನ್ನು ಕೂರಿಸುವ ಈ ಮನುಷ್ಯನನ್ನು ಇಡೀ ವರ್ಕ್‌ಶಾಪು ಕರೆಯುವುದು ಮಿಂಚು ಮೇಸ್ತ್ರಿ ಎಂದು. ನಡಿಗೆ ಮಾತ್ರ ಆಮೆಯದು. ಸೈರನ್ನು ಪರೀಕ್ಷಿಸಿ ಪರೀಕ್ಷಿಸಿ ಕಿವಿ ಮಂದವಾಗಿದೆ. ಕೂಗಿ ಪ್ರಯೋಜನವಿಲ್ಲವೆಂದು ಹೆಂಡತಿ ಅವನ ಕೋಣೆಯ ದೀಪವನ್ನು ಎರಡು ಸಲ ಆರಿಸಿ ಹಚ್ಚುತ್ತಾಳೆ; ಊಟಕ್ಕೆ ಬನ್ನಿ ಎಂದರ್ಥ. ವಾಹನದ ನೆತ್ತಿಗೆ ಕೆಂಪು ದೀಪ ಬಿಗಿದ ಮೇಲೆ ಅವನು ತನ್ನ ಹಳೇ ಕಾರನ್ನು ಅದರ ಮುಂದೆ ನಿಲ್ಲಿಸಿ, ಗಾಜು ಏರಿಸಿ, ರೇಡಿಯೊ ಜೋರು ಮಾಡಿ, ಕನ್ನಡಿಯಲ್ಲಿ ನೋಡುತ್ತಾನೆ. "ದಾರಿ ಬಿಡಬೇಕಾದೋನು ಹಾಡು ಕೇಳ್ತಾ ಕೂತಿರ್ತಾನೆ. ಕಾಣಬೇಕಾದ್ದು ಅವನಿಗೆ, ನನಗಲ್ಲ." ಇನ್ನೆರಡು ದೀಪ ಹಾಕಿ ಎಂದು ಡ್ರೈವರುಗಳು ಗೋಗರೆದರೆ, "ಇದೇನು ಮದುವೆ ದಿಬ್ಬಣವಾ?" ಎಂದು ಗದರುತ್ತಾನೆ. ಇಷ್ಟು ಕೈ ಬಿಗಿ ಹಿಡಿಯುವವನು ಪ್ರತಿ ವಾಹನದ ಹಿಂಬದಿಗೆ ಮಾತ್ರ ಯಾರೂ ಕೇಳದ ಒಂದು ಬಿಳಿ ದೀಪ ಹಾಕುತ್ತಾನೆ. ಅದು ಮಿನುಗುವುದಿಲ್ಲ, ಸುಮ್ಮನೆ ಉರಿಯುತ್ತದೆ. ಹೊಸದಾಗಿ ಬಂದ ಅಧಿಕಾರಿ ಪಟ್ಟಿ ಹಿಡಿದು, "ಇದು ಲಿಸ್ಟಲ್ಲೇ ಇಲ್ವಲ್ರೀ ಮೇಸ್ತ್ರಿ, ತೆಗೀರಿ" ಎಂದಾಗಲೂ ಅವನು ಸ್ಕ್ರೂ ಬಿಗಿಯುವುದನ್ನು ನಿಲ್ಲಿಸಲಿಲ್ಲ. "ಚಿಕ್ಕಂದಿನಲ್ಲಿ ನಮ್ಮನೆಗೆ ಬೆಂಕಿ ಬಿದ್ದಾಗ ಹೊರಗೆ ಬಂದೋರು ಗಾಡಿ ಹಿಂದೆ ನಿಂತಿದ್ವಿ ಸಾರ್. ಕೆಂಪು ದೀಪ ಹತ್ತೋದು, ಆರೋದು, ಹತ್ತೋದು, ಆರೋದು. ಆ ಬೆಳಕಲ್ಲೇ ತಲೆ ಎಣಿಸ್ದೆ. ಐದೂ ಜನ ಹೊರಗಿದೀವಿ, ಒಳಗೆ ಯಾರೂ ಇಲ್ಲ ಅಂತ ನಾನೇ ಕೂಗಿ ಹೇಳ್ದೆ. ಅಕ್ಕನ್ನ ಎರಡು ಸಲ ಎಣಿಸಿದ್ದೆ."