ಹಲಸಿನಕಾಯಿಯ ಗ್ರೀಸ್

ಶೆಟ್ಟಿಹಳ್ಳಿಯ ನಮ್ಮ ನೆರೆಮನೆಯವರು ಎಪ್ಪತ್ತರ ದಶಕದಲ್ಲಿ ಗ್ರೀಕ್ ಹಡಗಿನ ಕೆಲಸ ಬಿಟ್ಟು ಬಂದವರು. ಅಲ್ಲಿ ಮಾಂಸ ಮುಟ್ಟದೆ ಬರೀ ಬ್ರೆಡ್ಡು ತಿಂದೆನೆಂದು ಆಣೆ ಮಾಡಿದರೂ ಅವರ ತಾಯಿ ನಂಬದೆ, ಮಗನ ಕೈಯಡುಗೆ ಮುಟ್ಟುತ್ತಿರಲಿಲ್ಲ. ಇದಕ್ಕೆ ಮಗ ಕಂಡುಕೊಂಡ ಘನವಾದ ಉಪಾಯವೆಂದರೆ ಗ್ರೀಸಿನ ಬೀದಿತಿಂಡಿಯನ್ನು ಸಸ್ಯಾಹಾರ ಮಾಡಿ ಬಡಿಸುವುದು. ಎಳೆ ಹಲಸಿನಕಾಯಿಯ ತುಂಡುಗಳನ್ನು ತೊಳೆದ ಸೈಕಲ್ ಕಡ್ಡಿಗೆ ಪೋಣಿಸಿ ಕೆಂಡದ ಮೇಲೆ ಸುಡುತ್ತಿದ್ದರು. ಅಲ್ಲಿಯ ಮೊಸರಿನ ಚಟ್ನಿಗೆ ಬದಲು ಕಡಲೆಕಾಯಿ ಚಟ್ನಿ. ಪ್ರತಿ ಸಲವೂ, "ಥೇಟ್ ಅದೇ ಕಣ್ರೀ!" ಎನ್ನುತ್ತಿದ್ದರು. ಗ್ರೀಸ್ ಕಾಣದ ನಾವು ಒಪ್ಪಿ ತಲೆಯಾಡಿಸುತ್ತಿದ್ದೆವು.

ಒಂದು ಭಾನುವಾರ ತಾಯಿ ಕೊನೆಗೂ ಎಲೆಯ ಮುಂದೆ ಕೂತರು. ಸಾಕ್ಷಿಗೆ ಮಗ ನನ್ನನ್ನೂ ಕರೆದಿದ್ದರು. ತಾಯಿ ಒಂದು ತುಂಡು ಬಾಯಿಗಿಟ್ಟು, "ಚೆನ್ನಾಗೈತೆ ಕಣೋ," ಎಂದರು.

ಮಗ ಅಲ್ಲಿಗೇ ನಿಲ್ಲಿಸಬಹುದಿತ್ತು. "ಥೇಟ್ ಕುರಿಮಾಂಸ ಕಣಮ್ಮ!" ಎಂದುಬಿಟ್ಟರು.

ತಾಯಿ ಅಗಿಯುವುದನ್ನು ನಿಲ್ಲಿಸಿದರು. "ಅದು ನಿಂಗೆಂಗ್ಲಾ ಗೊತ್ತು?"

ನಮ್ಮ ಮನೆಯಲ್ಲಿ ಒಂದು ಗಂಟೆಗೆ ಊಟ ಎಂದು ನೆಪ ಹೇಳಿ, ಮಗನ ಉತ್ತರಕ್ಕೆ ಕಾಯದೆ ಎದ್ದು ಬಂದೆ.