ಸೊಲ್ಲಾಪುರದ ಇಲಿಗಳಿಗೆ ಏನು ಹಾಕಬೇಕು?

ಜೋಳದ ಚೀಲಗಳಿರುವ ಮನೆಗೆ ಬೇಕಂತಲೇ ಇಲಿ ತಂದಿಟ್ಟುಕೊಂಡವರು ನಮ್ಮ ಇಂಡಿ ಊರಿನಲ್ಲಿ ನಾವೇ ಮೊದಲಿಗರಿರಬೇಕು. ಎರಡು ಸಾವಿರದ ಇಸವಿ ದಾಟಿದ ಹೊಸತು. ಸೊಲ್ಲಾಪುರದಲ್ಲಿದ್ದ ನನ್ನ ನಾದಿನಿಯ ಗಂಡನಿಗೆ ದೂರದ ಊರಿಗೆ ವರ್ಗವಾಯಿತು. ಮಕ್ಕಳು ಸಾಕಿದ್ದ ಎರಡು ಗಿನಿಪಿಗ್‌ಗಳನ್ನು ಜಾಲರಿ ಪೆಟ್ಟಿಗೆ ಸಮೇತ ನಮ್ಮ ಪಡಸಾಲೆಯಲ್ಲಿಟ್ಟು, "ಒಂದಿಷ್ಟ ದಿನಾ ನೋಡ್ಕೋರಿ ವೈನಿ" ಅಂದು ಹೋದವಳು ವಾಪಸ್ ಕೇಳಲೇ ಇಲ್ಲ.

ಅತ್ತೆ ಪೆಟ್ಟಿಗೆಯೊಳಗೆ ಬಗ್ಗಿ ನೋಡಿದರು. "ಇಲಿಗೆ ಬೋನು ಇಡೂ ಮನ್ಯಾಗ ಇಲಿಗೆ ತೊಟ್ಟಿಲಾ ಕಟ್ಟೂದೇನು?"

"ಇವು ಇಲಿ ಅಲ್ರಿ ಅತ್ತಿ, ಬಾಲಾನ ಇಲ್ಲ ನೋಡ್ರಿ" ಅಂದೆ.

"ಬಾಲಾ ಕಡದ್ರ ಇಲಿ ಮೊಲಾ ಆಗ್ತೈತೇನು?"

ಆದರೆ ಆ ಪ್ರಾಣಿಗಳಿಗೆ ಒಂದು ವಿದ್ಯೆ ಗೊತ್ತಿತ್ತು. ಊಟ ಕೊಡುವವರ ಸಪ್ಪಳ ಕೇಳಿದರೆ ಸಾಕು, ಎರಡೂ ಕತ್ತೆತ್ತಿ ಸೀಟಿ ಹೊಡೆಯುತ್ತಿದ್ದವು. ವಾರದೊಳಗೆ ಅತ್ತೆಯ ಬಳೆ ಸದ್ದನ್ನು ಗುರುತು ಹಿಡಿದವು. ನಾನು ಹೋದರೆ ಸುಮ್ಮನಿರುತ್ತಿದ್ದವು, ಅತ್ತೆ ಹಾದುಹೋದರೆ ಬೊಬ್ಬೆ. "ಬಂದೆನ್ಯವ್ವಾ ಬಂದೆ, ಒದರಬ್ಯಾಡ್ರಿ" ಎಂದು ಅವರು ಓಡುವುದನ್ನು ನೋಡಿ ನನಗೆ ಹೊಟ್ಟೆಕಿಚ್ಚೇ ಆಯಿತು.

ಇವಕ್ಕೆ ಏನು ಹಾಕಬೇಕು ಎಂಬುದು ಮಾತ್ರ ಯಾರಿಗೂ ಗೊತ್ತಿರಲಿಲ್ಲ. ಗೊತ್ತಿಲ್ಲದ್ದನ್ನು ಗೊತ್ತಿಲ್ಲ ಎನ್ನುವ ಚಟ ನಮ್ಮೂರಲ್ಲಿಲ್ಲ. ಒಬ್ಬರು ಶೇಂಗಾ ಹಿಂಡಿ ಅಂದರು, ಇನ್ನೊಬ್ಬರು ಗಿಳಿಗೆ ಹಾಕುವ ಕುಸುಬೆ ಅಂದರು. ನನ್ನ ಗಂಡ ಪೇಪರಿನಿಂದ ತಲೆ ಎತ್ತದೆಯೇ "ಜ್ವಾಳಾ ಹಾಕ" ಅಂದುಬಿಟ್ಟರು. ನನಗೆ ಮೊದಲಿನಿಂದಲೂ ಕೈಯಾರೆ ಮಾಡಿ ನೋಡದೆ ನಂಬಿಕೆ ಬರುವುದಿಲ್ಲ. ತಟ್ಟೆಗಳಲ್ಲಿ ಒಂದೊಂದು ತಿನಿಸಿಟ್ಟು, ಮಣೆ ಹಾಕಿಕೊಂಡು ಎದುರಿಗೆ ಕುಳಿತೆ. ಕುಸುಬೆಯ ಸಿಪ್ಪೆ ಗಂಟಲಿಗೆ ಸಿಕ್ಕಿ ಒಂದು ಕೆಮ್ಮಿತು. ಹಿಂಡಿಯನ್ನು ಮೂಸಿ ಬಿಟ್ಟವು. ಒಣ ಹುಲ್ಲನ್ನು ಮಾತ್ರ ದಿನವಿಡೀ ಕರಕರ ಕಡಿದವು. ಒಮ್ಮೆ ಮೆಂತೆ ಸೊಪ್ಪು ಹೊಟ್ಟೆ ತುಂಬ ತಿಂದು ಭೇದಿ ಮಾಡಿಕೊಂಡ ಮೇಲೆ, "ಹಸೀದು ತಿಂದ ಆಡಿನ ಹೊಟ್ಟೀನ ಉಬ್ಬತೈತಿ, ಇವೆಷ್ಟರವು" ಎಂದು ಅತ್ತೆ ಹಸಿ ಸೊಪ್ಪನ್ನೇ ಬಂದ್ ಮಾಡಿದರು.

ಹುಲ್ಲಿನ ಜತೆ ಇನ್ನೇನು ಎಂದು ಕೇಳಲು ಸೊಲ್ಲಾಪುರದ ಬಸ್ಸು ಹತ್ತಿದೆ. ಮೀನು, ಗಿಳಿ ಮಾರುವ ಅಂಗಡಿಯವನು ಮೊದಲು ಬಣ್ಣಬಣ್ಣದ ಮಿಶ್ರಣ ಕೊಟ್ಟ. ಮನೆಗೆ ತಂದು ಹಾಕಿದರೆ, ಅವಲಕ್ಕಿ ಚೂಡಾದಲ್ಲಿ ಶೇಂಗಾ ಆರಿಸಿ ತಿನ್ನುವ ಬೀಗರ ಹಾಗೆ ಇವು ಸೂರ್ಯಕಾಂತಿ ಬೀಜ ಆರಿಸಿ ತಿಂದು, ತಳದಲ್ಲಿನ ಹಸಿರು ಗುಳಿಗೆಗಳನ್ನು ಹಾಗೇ ಬಿಟ್ಟವು. ಮತ್ತೆ ಹೋದೆ. ಎಲ್ಲ ಒಂದೇ ತರದ ಗುಳಿಗೆ ಇರುವುದನ್ನು ಕೊಡು ಅಂದೆ. ಅವನು ಮೊಲದ್ದೂ ಗಿನಿಪಿಗ್‌ದ್ದೂ ಮುಂದಿಟ್ಟು ಎರಡೂ ಒಂದೇ ಎಂದ. ಒಂದೇ ಆದರೆ ಎರಡು ಪ್ಯಾಕೆಟ್ ಯಾಕೆ ಮಾಡುತ್ತಾರೆ? ನಾನು ಎರಡನ್ನೂ ತಿರುವಿ ತಿರುವಿ ಓದಿದೆ. ಗಿನಿಪಿಗ್ ಪ್ಯಾಕೆಟ್ಟಿನಲ್ಲಿ ಮಾತ್ರ ಸಿ ವಿಟಮಿನ್ ಸೇರಿಸಿದ್ದರು. ಯಾಕೆಂದು ಅವನಿಗೂ ಗೊತ್ತಿಲ್ಲ, ನನಗೂ ಗೊತ್ತಿಲ್ಲ. ಆದರೂ ಅದನ್ನೇ ದೊಡ್ಡ ಚೀಲದಲ್ಲಿ ಕೊಂಡೆ. ಈ ಸಲ ಏನನ್ನೂ ಆರಿಸದೆ ಗುಳಿಗೆಯೆಲ್ಲ ತಿಂದು ಮುಗಿಸಿದವು. ನಾನು ಗೆದ್ದೆ ಎಂದು ಎಲ್ಲರೆದುರು ಬೀಗಿದೆ.

ಬೇಸಿಗೆ ನಡುವೆ ಎರಡರಲ್ಲಿ ಕಂದು ಬಣ್ಣದ್ದು ಕುಂಟತೊಡಗಿತು. ಆಮೇಲೆ ಮೂಲೆ ಹಿಡಿಯಿತು. ಬಳೆ ಸದ್ದಿಗೆ ಇನ್ನೊಂದು ಮಾತ್ರ ಕೂಗುತ್ತಿತ್ತು. ಅತ್ತೆ ಕಂದು ಬಣ್ಣದ್ದನ್ನು ಸೆರಗಿನಲ್ಲಿ ಹಾಕಿಕೊಂಡು ಕೂತು, "ಇದು ಉಳಿಯೂ ಹಂಗ ಕಾಣೂದಿಲ್ಲವ್ವಾ" ಅಂದರು. ನನಗೆ ದುಃಖಕ್ಕಿಂತ ಸಿಟ್ಟು ಬಂತು. ಸರಿಯಾದದ್ದನ್ನೇ ಆರಿಸಿ ತಂದಿದ್ದೆ, ಮತ್ತೆ ಇದೇಕೆ ಸಾಯಬೇಕು?

ದನದ ದವಾಖಾನೆಯಲ್ಲಿ ಎಮ್ಮೆ, ಆಡುಗಳ ಪಾಳಿಯಲ್ಲಿ ಬುಟ್ಟಿ ಹಿಡಿದು ನಿಂತೆ. ಜನ ನಕ್ಕರು. ಡಾಕ್ಟರು ನಗಲಿಲ್ಲ. ಮೊಣಕಾಲಿನ ಬಾವು ಒತ್ತಿ ನೋಡಿ, ತಮಗೆ ಕಲಿಸಿದವರಿಗೆ ಫೋನ್ ಮಾಡಿ ಬಂದು ಹೇಳಿದರು: "ಅಕ್ಕಾರ, ಸಿ ವಿಟಮಿನ್ ಕಡಿಮಿ ಆಗೇತ್ರಿ. ಅದು ನಮ್ಮ ಮೈಯಾಗ ಹೆಂಗ ತಯಾರಾಗಂಗಿಲ್ಲೋ, ಇದರ ಮೈಯಾಗೂ ಆಗಂಗಿಲ್ಲ. ತಿನಿಸಿನಾಗ ಬರಬೇಕು."

"ಅದು ಇದ್ದದ್ದನ್ನ ಹಾಕೇವ್ರಿ!"

"ಎಲ್ಲಿ ಇಟ್ಟೀರಿ? ಬಿಸಲಾಗ ಇಟ್ರ ಅದು ಹಾರಿ ಹೋಗ್ತೈತ್ರಿ."

ಬಿಸಿಲು ಎಂದೊಡನೆ ನನಗೆ ಹೊಳೆಯಿತು. ನಮ್ಮ ಕಡೆ ಮನೆಗೆ ಬಂದ ಯಾವ ಕಾಳಾದರೂ ಮೊದಲು ಮಾಳಿಗೆ ಮೇಲಿನ ಬಿಸಿಲಿಗೆ ಏರಬೇಕು. ಹುಳ ಬೀಳಬಾರದೆಂದು ಜೋಳ, ಬೇಳೆ, ಮೆಣಸಿನಕಾಯಿ ಎಲ್ಲವನ್ನೂ ಒಣಗಿಸಿಯೇ ಡಬ್ಬಿ ತುಂಬುವುದು. ಅದನ್ನು ಯಾರೂ ಯಾರಿಗೂ ಹೇಳಿ ಮಾಡುವುದಿಲ್ಲ, ಕಂಡರೂ ಯಾರ ಕಣ್ಣಿಗೂ ಬೀಳುವುದಿಲ್ಲ. ಮನೆಗೆ ಬಂದು ನಿಚ್ಚಣಿಕೆ ಹತ್ತಿದೆ. ಹಳೆಯ ಸೀರೆಯ ಮೇಲೆ ಹಸಿರು ಗುಳಿಗೆಗಳನ್ನು ಹರವಿ, ಉರಿಬಿಸಿಲಲ್ಲಿ ಕೂತು ಅತ್ತೆ ಕೈಯಾಡಿಸುತ್ತಿದ್ದರು. ಹಸಿರು ಬಣ್ಣ ಎಂದೋ ಹೋಗಿತ್ತು.

ಡಾಕ್ಟರು ಹೇಳಿದ್ದನ್ನು ಹೇಳಿದೆ. ಅತ್ತೆ ಕೈಯಾಡಿಸುವುದನ್ನು ಬಿಟ್ಟು ಸೀರೆಯ ಅಂಚು ಮಡಚಿದರು. "ವಾರಕ್ಕೊಮ್ಮೆ ಬಿಸಲಿಗೆ ಹಾಕತಿದ್ದೆ. ಚಲೋ ಇರ್ಲಿ ಅಂತ" ಅಂದರು. ಅಂದು ಅವರು ಊಟ ಮಾಡಲಿಲ್ಲ.

ಡಾಕ್ಟರು ಕೊಟ್ಟ ಹನಿ ಔಷಧಿಯನ್ನು ಅತ್ತೆಯೇ ಹಾಕಿದರು. ಪೇರಲ ಹಣ್ಣಿನ ಚೂರು, ಎಳೆ ಕೊತ್ತಂಬರಿಯನ್ನು ಸ್ವಲ್ಪ ಸ್ವಲ್ಪವೇ ಬೆರಳ ತುದಿಯಲ್ಲಿ ಹಿಡಿದು ತಿನ್ನಿಸಿದರು. ಮೊದಲ ದಿನ ಮೂತಿ ತಿರುಗಿಸಿತು. ಆಮೇಲೆ ನೆಕ್ಕಿತು. ಕೆಲವು ದಿನಗಳಾದ ಮೇಲೆ, ನಾನು ರೊಟ್ಟಿ ಬಡಿಯುತ್ತಿದ್ದಾಗ, ಪಡಸಾಲೆಯಿಂದ ಎರಡು ಸೀಟಿ ಕೇಳಿದವು. ಹಿಟ್ಟಿನ ಕೈಯಲ್ಲೇ ಓಡಿದೆ. ಅತ್ತೆ ಕಣ್ಣೊರೆಸಿಕೊಳ್ಳುತ್ತಾ, "ಬಂದೆನ್ಯವ್ವಾ ಬಂದೆ" ಅನ್ನುತ್ತಿದ್ದರು.

ಹೊಸ ಚೀಲ ತಂದಾಗ ಅದನ್ನು ಎಲ್ಲಿಡುವುದೆಂಬ ಪ್ರಶ್ನೆ ಬಂತು. ಅತ್ತೆ ಗುಳಿಗೆಗಳನ್ನು ಡಬ್ಬಿಗೆ ತುಂಬಿ ದೇವರ ಖೋಲಿಯಲ್ಲಿಟ್ಟರು. ದಪ್ಪ ಗೋಡೆಯ, ಕಿಟಕಿಯಿಲ್ಲದ, ತಂಪಾದ ಕೋಣೆ. ಸ್ನಾನ ಮಾಡದೆ ನಮ್ಮನ್ನೂ ಹೊಸಿಲು ದಾಟಲು ಬಿಡದ ಜಾಗ ಅದು. ಹೀಗಾಗಿ ಅವರ ಸ್ನಾನ ಮುಗಿಯುವ ತನಕ ಗಿನಿಪಿಗ್‌ಗಳಿಗೆ ಗುಳಿಗೆ ಇಲ್ಲ. ಅವು ಕೋಳಿ ಕೂಗುವುದಕ್ಕಿಂತ ಮೊದಲೇ ಸೀಟಿ ಹಾಕುತ್ತಿದ್ದವು, ಚಳಿಗಾಲದಲ್ಲೂ.

ಒಂದು ಮುಂಜಾನೆ ಅತ್ತೆ ನಡುಗುತ್ತಾ ತಲೆ ಒರೆಸಿಕೊಳ್ಳುವುದನ್ನು ನೋಡಲಾಗದೆ, "ಇಷ್ಟ ಥಂಡ್ಯಾಗ ಯಾಕ ಜಳಕಾ ಮಾಡ್ತೀರಿ? ಈಗ ಬಿಸಲ ಇಲ್ಲಲ್ಲ, ಡಬ್ಬಿ ಅಡಗಿ ಮನ್ಯಾಗ ಇಡೂಣ್ರಿ" ಅಂದೆ.

"ಬ್ಯಾಡವ್ವಾ" ಅಂದರು. "ಹೊರಗ ಇಟ್ರ ನನ್ನ ಕೈ ಸುಮ್ಮ ಕುಂಡ್ರೂದಿಲ್ಲ. ಮತ್ತ ಬಿಸಲಿಗೆ ಹಾಕೇ ಹಾಕ್ತೈತಿ."