ಗಪ್ಪಿ ಮೀನು ಸತ್ತ ಬಾವಿ

2004ರಲ್ಲಿ ನಾನು ಅಂಕೋಲೆಯಲ್ಲಿ ಹಿರಿಯ ಆರೋಗ್ಯ ಸಹಾಯಕನಾಗಿದ್ದೆ. ಮನೆ ಕಾರವಾರದಲ್ಲಿ, ಓಡಾಟವೆಲ್ಲ ಅಂಕೋಲೆಯ ಕರಾವಳಿ ಹಳ್ಳಿಗಳಲ್ಲಿ. ಮಲೇರಿಯಾ ನಿಯಂತ್ರಣ ನನ್ನ ಮುಖ್ಯ ಜವಾಬ್ದಾರಿ. ಹಿಂದಿನ ಮಳೆಗಾಲ ಮುಗಿದ ಮೇಲೆ ನಾವು ಕೇರಿ ಕೇರಿಯ ಬಾವಿಗಳಿಗೆ ಗಪ್ಪಿ ಮೀನು ಬಿಟ್ಟಿದ್ದೆವು. ಬೆರಳ ತುದಿಯಷ್ಟಿರುವ ಈ ಮೀನು ಸೊಳ್ಳೆಯ ಲಾರ್ವಾವನ್ನು, ಅಂದರೆ ನೀರಿನಲ್ಲಿರುವ ಮರಿಹುಳವನ್ನು, ತಿನ್ನುತ್ತದೆ. ಜನ ಮೊದಲು ಮೂಗು ಮುರಿದರು. ಆಮೇಲೆ ನೀರು ಸೇದಲು ಬಂದಾಗಲೆಲ್ಲ ಬಗ್ಗಿ ನೋಡುವಷ್ಟು ಹಚ್ಚಿಕೊಂಡರು.

ಏಪ್ರಿಲ್ ತಿಂಗಳ ಒಂದು ಬೆಳಿಗ್ಗೆ ಕೇಣಿಗೆ ಹೋಗುವ ದಾರಿಯ ಕೇರಿಯೊಂದರಿಂದ ಫೋನ್ ಬಂತು. ಬಾವಿಯ ಮೀನೆಲ್ಲ ಸತ್ತು ತೇಲುತ್ತಿವೆ, ನೀರು ಕುಡಿದ ನಾಲ್ವರು ವಾಂತಿ ಮಾಡಿಕೊಳ್ಳುತ್ತಿದ್ದಾರೆ ಎಂದರು. ಬಾವಿಯಲ್ಲಿ ಕೀಟಾಣು ಇದ್ದರೆ ಬ್ಲೀಚಿಂಗ್ ಪೌಡರ್ ಹಾಕಿ ಕೊಲ್ಲಬಹುದು. ವಿಷಕ್ಕೆ ಬ್ಲೀಚಿಂಗ್ ಪೌಡರ್ ಏನೂ ಮಾಡುವುದಿಲ್ಲ. ಜೀಪಿನಲ್ಲಿ ದಾರಿಯುದ್ದಕ್ಕೂ ನನಗೆ ಬೇರೆ ಯೋಚನೆ ಬರಲಿಲ್ಲ.

ಬಾವಿಯಲ್ಲಿ ಬೇಸಿಗೆಯ ನೀರು ತಳ ಸೇರಿತ್ತು. ಮೀನುಗಳು ಹೊಟ್ಟೆ ಮೇಲಾಗಿ ತೇಲುತ್ತಿದ್ದವು. ವಾಂತಿಯಾದವರನ್ನು ಜಗಲಿಯ ಮೇಲೆ ಮಲಗಿಸಿದ್ದರು. ನಾನು ಟಾರ್ಚ್ ಬಿಟ್ಟು ಒಬ್ಬೊಬ್ಬರ ಕಣ್ಣು ನೋಡಿದೆ. ತರಕಾರಿಗೆ ಹೊಡೆಯುವ ಆರ್ಗನೋಫಾಸ್ಫೇಟ್ ಜಾತಿಯ ಕೀಟನಾಶಕ ಹೊಟ್ಟೆಗೆ ಹೋದರೆ ಕಣ್ಣಿನ ಪಾಪೆ ಸೂಜಿಮೊನೆಯಷ್ಟು ಸಣ್ಣದಾಗುತ್ತದೆ, ಜೊಲ್ಲು ಸುರಿಯುತ್ತದೆ, ಮೈ ಬೆವರುತ್ತದೆ. ಇವರ ಪಾಪೆ ಸರಿಯಾಗಿತ್ತು, ಜೊಲ್ಲೂ ಇರಲಿಲ್ಲ. ಆದರೂ ಧೈರ್ಯ ಬರಲಿಲ್ಲ, ಲಕ್ಷಣ ತಡವಾಗಿ ಕಾಣಿಸಿಕೊಳ್ಳುವುದೂ ಉಂಟು. ನಾಲ್ವರನ್ನೂ ಜೀಪಿನಲ್ಲಿ ಆಸ್ಪತ್ರೆಗೆ ಕಳಿಸಿ ನಾನು ಅಲ್ಲೇ ಉಳಿದೆ.

ತಿರುಗಿ ನೋಡಿದರೆ ಬಾವಿಕಟ್ಟೆಯ ಬಳಿ ಇನ್ನೊಂದು ಅಪಾಯ ನಿಂತಿತ್ತು. ಗಣಪತಿ ಎಂಬ ರೈತನನ್ನು ಜನ ಸುತ್ತುವರಿದಿದ್ದರು. ಬದನೆ, ಮೆಣಸು ಬೆಳೆಯುತ್ತಿದ್ದ ಅವನ ಮನೆಯಲ್ಲಿ ಕೀಟನಾಶಕದ ಬಾಟಲಿ ಇತ್ತು. ದಾಯಾದಿ ವಿಠೋಬನ ಜೊತೆ ಗದ್ದೆಯ ಗಡಿಗಾಗಿ ಜಗಳವೂ ಇತ್ತು. ಇಷ್ಟು ಸಾಕಲ್ಲವೇ, ಊರಿನ ವಿಚಾರಣೆ ಮುಗಿದೇ ಹೋಗಿತ್ತು.

ವಿಠೋಬ ಒಂದು ಚೆಂಬು ನೀರು ಹಿಡಿದು ನಿಂತಿದ್ದ. "ಔಷಧ ಹಾಕಲಿಲ್ಲ ಅಂದ್ರೆ ಕುಡ್ದು ತೋರ್ಸಲಿ," ಎಂದ.

ಗಣಪತಿಯ ಮುಖದಲ್ಲಿ ರಕ್ತವೇ ಇರಲಿಲ್ಲ. "ನಾ ಹಾಕಲಿಲ್ರಾ. ಆದ್ರೆ ನೀರಲ್ಲಿ ಏನದೆ ಅಂತ ನಂಗೇನು ಗೊತ್ತು? ನಾ ಕುಡೂದಿಲ್ಲ."

"ಕೇಳಿದ್ರಲ್ಲಾ?" ಎಂದು ವಿಠೋಬ ಎಲ್ಲರ ಕಡೆ ತಿರುಗಿದ. ಯಾರೋ ಹಿಂದಿನಿಂದ ಗಣಪತಿಯ ತೋಳು ಹಿಡಿದರು, ಇನ್ನೊಬ್ಬ ಅವನ ದವಡೆಗೆ ಕೈ ಹಾಕಿದ. ಒತ್ತಾಯದಿಂದ ಕುಡಿಸಿಬಿಡುತ್ತಾರೆ ಎಂದು ನನಗೆ ಖಾತ್ರಿಯಾಯಿತು. ಆ ಚೆಂಬಿನಲ್ಲಿ ನಿಜಕ್ಕೂ ವಿಷವಿದ್ದರೆ ಒಬ್ಬ ಮನುಷ್ಯ ನನ್ನ ಕಣ್ಣೆದುರೇ ಸಾಯುತ್ತಿದ್ದ. ನಡುವೆ ನುಗ್ಗಿದೆ.

"ನನಗೆ ಕೊಟ್ಟರೆ ನಾನೂ ಕುಡಿಯುವುದಿಲ್ಲ. ನನಗೂ ಹೆದರಿಕೆಯಾಗಿದೆ. ಹಾಗಾದರೆ ನಾನೂ ವಿಷ ಹಾಕಿದವನೇ?"

ಸರ್ಕಾರದವನೇ ಹೆದರಿದ್ದಾನೆ ಎಂದು ತಿಳಿದು ಕೆಲವು ಹೆಂಗಸರು ಅಳತೊಡಗಿದರು. ಆದರೆ ಗಣಪತಿಯ ದವಡೆಯ ಮೇಲಿದ್ದ ಕೈ ಸಡಿಲಾಯಿತು.

ಆಗ ವಿಠೋಬನ ತಾಯಿ ಸಣ್ಣಮ್ಮ ಜನರ ನಡುವೆ ದಾರಿ ಮಾಡಿಕೊಂಡು ಬಂದಳು. ಎಪ್ಪತ್ತು ದಾಟಿದ ಮುದುಕಿ. "ಅವನ ಬಿಡ್ರಾ. ನನ್ನ ಅಂಟ್ಲಕಾಯಿ ಚೀಲ ಬಾವಿ ಒಳಗದೆ," ಎಂದಳು. "ನೆನೂಕೆ ಇಳಿಬಿಟ್ಟಿದ್ದೆ, ಹಗ್ಗ ಹರೀತು. ಕುಡಿಯೂ ನೀರು ಕೆಡಿಸ್ದೆ ಅಂತ ಬೈತೀರಿ ಹೇಳಿ ಸುಮ್ನಿದ್ದೆ."

ಅಂಟ್ಲಕಾಯಿ ಎಂದರೆ ಅಂಟುವಾಳ, ಸಾಬೂನಿಗಿಂತ ಹಳೆಯದು. ಸಿಪ್ಪೆಯನ್ನು ನೆನೆಸಿ ಕಿವುಚಿದರೆ ನೊರೆ ಬರುತ್ತದೆ. ರೇಷ್ಮೆ ಸೀರೆಗೂ ಕಂಬಳಿಗೂ ನಮ್ಮ ಕಡೆ ಸಾಬೂನು ತಾಗಿಸುತ್ತಿರಲಿಲ್ಲ, ಮಳೆಗಾಲಕ್ಕೆ ಮುಂಚೆ ಅವನ್ನು ಅಂಟುವಾಳದಲ್ಲೇ ಒಗೆದು ಪೆಟ್ಟಿಗೆಗೆ ಹಾಕುತ್ತಿದ್ದರು. ಸಣ್ಣಮ್ಮ ನಾಲ್ಕೈದು ಮನೆಗಾಗುವಷ್ಟು ಕಾಯಿ ಜಜ್ಜಿ, ಹೆಗ್ಗಣದ ಕಾಟ ತಪ್ಪಲೆಂದು ರಾತ್ರಿಯಿಡೀ ಬಾವಿಯಲ್ಲಿ ನೆನೆಹಾಕಿದ್ದಳು. ಅವಳ ಅತ್ತೆಯೂ ಹಾಗೇ ಮಾಡುತ್ತಿದ್ದಳಂತೆ. ಆದರೆ ಅತ್ತೆಯ ಕಾಲದಲ್ಲಿ ಬಾವಿಯಲ್ಲಿ ಮೀನಿರಲಿಲ್ಲ, ಚೀಲವೂ ಹಗ್ಗ ಹರಿದು ತಳ ಸೇರಿರಲಿಲ್ಲ. ನೊರೆ ಬರಿಸುವ ಸಪೋನಿನ್ ಎಂಬ ಅಂಶ ಮೀನಿನ ಕಿವಿರನ್ನು ಹಾಳುಮಾಡಿ ಕೊಲ್ಲುತ್ತದೆ. ಮನುಷ್ಯನಿಗೆ ಸಾಮಾನ್ಯವಾಗಿ ಹೊಟ್ಟೆ ತೊಳಸಿ ವಾಂತಿಯಾಗುತ್ತದೆ, ಅಷ್ಟೇ.

ಪಾತಾಳಗರಡಿ ಇಳಿಸಿ ತಡಕಾಡಿದೆವು. ಅದರ ಕೊಕ್ಕೆಗೆ ಸಿಕ್ಕಿ ಮೇಲೆ ಬಂದ ಬಟ್ಟೆಯ ಚೀಲದಿಂದ ನೊರೆ ಇಳಿಯುತ್ತಿತ್ತು. ಎಲ್ಲರೂ ಉಸಿರುಬಿಟ್ಟರು, ನಾನು ಮಾತ್ರ ಬಿಡಲಿಲ್ಲ. ಅಂಟುವಾಳ ಇತ್ತು ಎಂದ ಮಾತ್ರಕ್ಕೆ ಕೀಟನಾಶಕ ಇರಲಿಲ್ಲ ಎಂದು ಹೇಳಲಾಗುವುದಿಲ್ಲವಲ್ಲ. ನೀರಿನ ಮಾದರಿಯನ್ನು ಪರೀಕ್ಷೆಗೆ ಕಳಿಸಿ, ಬಾವಿ ಬರಿದು ಮಾಡಿಸಿದೆ. ಆಸ್ಪತ್ರೆಗೆ ಹೋದವರು ಮರುದಿನ ನಡೆದುಕೊಂಡೇ ಮನೆಗೆ ಬಂದರು. ವರದಿ ಬರುವ ತನಕ ನನಗೆ ಅನ್ನ ಸೇರಲಿಲ್ಲ.

ನೀರಿನಲ್ಲಿ ಕೀಟನಾಶಕ ಇರಲಿಲ್ಲ. ಅದನ್ನು ತಿಳಿಸಲು ಗಣಪತಿಯ ಮನೆಗೆ ಹೋದರೆ, "ಬಾವಿ ಹತ್ರ ಎಲ್ರ ಎದುರು ಹೇಳ್ರಾ. ನನ್ನ ಹಿಡ್ದದ್ದು ಎಲ್ರ ಎದುರೇ ಅಲ್ಲಾ?" ಎಂದ. ಬಾವಿಕಟ್ಟೆಯಲ್ಲಿ ಎಲ್ಲರನ್ನೂ ಸೇರಿಸಿ ಹೇಳಿದೆ. ಬಾವಿಯಲ್ಲಿ ಆಗಲೇ ಒರತೆಯೊಡೆದು ಹೊಸ ನೀರು ತುಂಬಿತ್ತು. ಗಣಪತಿ ಒಂದು ಕೊಡ ಸೇದಿ, ಚೆಂಬು ತುಂಬಿ ವಿಠೋಬನ ಮುಂದೆ ಹಿಡಿದ.

"ಈಗ ನೀ ಕುಡಿ."

ವಿಠೋಬ ಚೆಂಬು ತೆಗೆದುಕೊಂಡ. ತುಟಿಯ ತನಕ ಒಯ್ದ ಕೈ ಅಲ್ಲೇ ನಿಂತಿತು. ಪರೀಕ್ಷೆಯಾಗಿದೆ, ನೀರೂ ಹೊಸದು, ಆದರೂ ಅವನಿಗೆ ನುಂಗಲಾಗಲಿಲ್ಲ.

"ಹೆದ್ರಿಕೆ ಆಗ್ತದೆ ಅಲ್ಲಾ?" ಎಂದ ಗಣಪತಿ. ಅವನ ದನಿಯಲ್ಲಿ ಸಿಟ್ಟಿರಲಿಲ್ಲ. ಚೆಂಬು ವಾಪಸು ತೆಗೆದುಕೊಂಡು ತಾನೇ ಅರ್ಧ ಕುಡಿದು ಉಳಿದದ್ದನ್ನು ಕೊಟ್ಟ. ವಿಠೋಬ ತಲೆ ತಗ್ಗಿಸಿ ಕುಡಿದ.

ಆಮೇಲೆ ವಿಷದ ದೂರು ಬಂದ ಎಷ್ಟೋ ಊರುಗಳಿಗೆ ಹೋಗಿದ್ದೇನೆ. ಎಲ್ಲ ಕಡೆಯೂ ಜನ ಮೊದಲು ಬೆರಳು ತೋರಿಸುವುದು ಮುಖ ಬಿಳಿಚಿದವನ ಕಡೆಗೆ. ನಾನು ನೀರಿನ ಮಾದರಿ ತೆಗೆಯುವ ಮೊದಲು ಆ ಮನುಷ್ಯನ ಪಕ್ಕದಲ್ಲಿ ಹೋಗಿ ನಿಲ್ಲುವುದನ್ನು ರೂಢಿಮಾಡಿಕೊಂಡೆ.